ಹೊಳೆಯ ದಂಡೆಯಲ್ಲಿ ಅರ್ಧ ಗಳಿಗೆ

ಮಠದ ಅನ್ನ ಉಂಡು, ಮಠದ ಅಕ್ಷರ ಕಲಿತು, ಮಠದ ಪುಸ್ತಕಗಳ ನಡುವೆಯೇ ತಲೆ ನರೆತವನು ನಾನು. ಯಾತ್ರೆಯೆಂದರೆ ನನಗೆ ಕೂಡಲಸಂಗಮ, ಉಳವಿ, ಶ್ರೀಶೈಲ, ಬಸವಕಲ್ಯಾಣ ಇಷ್ಟೇ ಆಗಿತ್ತು. ಜಂಗಮವೆಂದರೆ ಚಲನೆ, ನಿಂತದ್ದು ಕೊಳೆಯುತ್ತದೆ ಎಂದು ಪ್ರವಚನಗಳಲ್ಲಿ ನೂರಾರು ಸಲ ಹೇಳಿದ್ದೇನೆ. ಆದರೆ ಹಾಗೆ ಹೇಳುತ್ತಿದ್ದ ನಾನೇ ನನ್ನ ಓದುವ ಕೋಣೆಯಲ್ಲಿ ಸ್ಥಾವರವಾಗಿ ಕುಳಿತಿದ್ದೆ. ಇಂಥ ನನಗೆ ಅರವತ್ತಾರನೆಯ ವಯಸ್ಸಿನಲ್ಲಿ ಸಮುದ್ರ ದಾಟುವ ಯೋಗ ಒದಗಿತು. ಆ ಪ್ರವಾಸದ ಕಥೆಯನ್ನು ಬರೆಯಬೇಕೆಂದು ಪತ್ರಿಕೆಯ ಬಂಧುಗಳು ಕೇಳಿದರು. ಬರೆಯಲು ಕುಳಿತಾಗ ಲೇಖನಿ ಫ್ರಾನ್ಸ್ ದೇಶದಿಂದ ಹೊರಟು ಹುಮನಾಬಾದಿಗೆ ಬಂದು ನಿಂತಿತು. ಅದು ನಿಂತಲ್ಲಿಯೇ ನಿಜವಾದ ಕಥೆ ಇರುವುದರಿಂದ ಓದುಗರು ಸೈರಿಸಿಕೊಳ್ಳಬೇಕು.

ನನ್ನ ತಮ್ಮನ ಮಗ ಫ್ರಾನ್ಸಿನ ತೂರ್ ಎಂಬ ಪಟ್ಟಣದಲ್ಲಿ ಉದ್ಯೋಗದಲ್ಲಿದ್ದಾನೆ. "ದೊಡ್ಡಪ್ಪಾ, ದೇಶ ನೋಡೋದು ಪುಸ್ತಕದಾಗೇ ಎಷ್ಟು ದಿನಾ? ಒಮ್ಮೆ ಬಂದು ಕಣ್ಣಿಲೇ ನೋಡ್ರಿ" ಎಂದು ಎರಡು ವರ್ಷ ಒತ್ತಾಯಿಸಿ, ಕೊನೆಗೆ 2023ರ ಬೇಸಿಗೆಯಲ್ಲಿ ಟಿಕೀಟನ್ನೇ ಕಳುಹಿಸಿಬಿಟ್ಟನು. ನಮ್ಮ ಮನೆಯವರು ಹದಿನೈದು ದಿನಕ್ಕೆ ಸಾಕಾಗುವಷ್ಟು ಕಟಿ ರೊಟ್ಟಿ, ಶೇಂಗಾ ಹಿಂಡಿ, ವಿಭೂತಿಯ ಗಟ್ಟಿಗಳನ್ನು ಕಟ್ಟಿಕೊಟ್ಟರು. ಹೀಗೆ ಬೀದರ ಜಿಲ್ಲೆಯ ಜೋಳದ ರೊಟ್ಟಿಯೊಂದಿಗೆ ನಾನು 7,000 ಕಿಲೋಮೀಟರಿಗೂ ಹೆಚ್ಚು ದೂರದ ನಾಡನ್ನು ಸೇರಿದೆ.

ದೊಡ್ಡ ನಗರಗಳನ್ನು ನೋಡುವ ಆಸೆ ನನಗಿರಲಿಲ್ಲ. "ಎಲ್ಲಿಯಾದರೂ ಒಂದು ಶಾಂತವಾದ ಊರಿಗೆ ಕರೆದುಕೊಂಡು ಹೋಗು" ಎಂದೆ. ಅವನು ತೂರಿನಿಂದ ರೈಲಿನಲ್ಲಿ ಸುಮಾರು ಇಪ್ಪತ್ತು ನಿಮಿಷದ ಹಾದಿಯಲ್ಲಿರುವ ಅಂಬ್ವಾಜ್ ಎಂಬ ಹೊಳೆದಂಡೆಯ ಊರಿಗೆ ಕರೆದೊಯ್ದನು. ರೈಲು ನಿಲ್ದಾಣ ಹೊಳೆಯ ಬಡಗಣ ದಂಡೆಯಲ್ಲಿದೆ, ಊರು ತೆಂಕಣ ದಂಡೆಯಲ್ಲಿದೆ. ನಡುವೆ ಲ್ವಾರ್ ನದಿ ಎರಡು ಕವಲಾಗಿ ಒಂದು ದ್ವೀಪವನ್ನು ತಬ್ಬಿಕೊಂಡು ಹರಿಯುತ್ತದೆ. ಫ್ರಾನ್ಸಿನ ಅತ್ಯಂತ ಉದ್ದವಾದ ನದಿ ಇದು. ಸಾವಿರ ಕಿಲೋಮೀಟರಿನಷ್ಟು ಹರಿದು ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ನೀರು ಆಳವಲ್ಲ, ಅಲ್ಲಲ್ಲಿ ಮರಳಿನ ದಿಬ್ಬಗಳು, ಅವುಗಳ ಮೇಲೆ ಬೆಳ್ಳಕ್ಕಿಯನ್ನು ಹೋಲುವ ಹಕ್ಕಿಗಳು. ನಮ್ಮ ಮಾಂಜ್ರಾ ನದಿಯನ್ನು ಮಳೆಗಾಲದ ಕೊನೆಯಲ್ಲಿ ನೋಡಿದವರಿಗೆ ಈ ನೋಟ ಅಪರಿಚಿತವೆನಿಸದು. ಸೇತುವೆಯ ಮೇಲೆ ನಿಂತು ನೋಡಿದರೆ ಎದುರಿಗೆ ಬಿಳಿಯ ಕಲ್ಲಿನ ಮನೆಗಳು, ಕಪ್ಪು ಹಲಗೆಗಲ್ಲಿನ ಮಾಡುಗಳು, ಅವುಗಳ ಮೇಲೆ ಗುಡ್ಡದ ಅಂಚಿನಲ್ಲಿ ಅರಸರ ಕೋಟೆಮನೆ. ಭಾನುವಾರ ಹೊಳೆಯ ದಂಡೆಯಲ್ಲಿಯೇ ಸಂತೆ. ಕಾಯಿಪಲ್ಯ, ಹಣ್ಣು, ಗಿಣ್ಣಗಳ ರಾಶಿಯ ನಡುವೆಯೂ ಒಬ್ಬರೂ ಕೂಗುವುದಿಲ್ಲ. ಹುಮನಾಬಾದಿನ ಸಂತೆಯ ಗದ್ದಲದಲ್ಲಿ ಬೆಳೆದ ನನ್ನ ಕಿವಿಗೆ ಅದು ಸಂತೆಯೆಂದೇ ಅನ್ನಿಸಲಿಲ್ಲ.

ಚಿತ್ರಕಾರ ಲಿಯೊನಾರ್ಡೊ ಡ ವಿಂಚಿಯ ಹೆಸರನ್ನು ನಮ್ಮ ಮಕ್ಕಳೂ ಶಾಲೆಯಲ್ಲಿ ಕೇಳಿರುತ್ತಾರೆ. ಇಟಲಿಯವನಾದ ಆತನನ್ನು ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸ್ 1516ರಲ್ಲಿ ಈ ಊರಿಗೆ ಬರಮಾಡಿಕೊಂಡು, ಕೋಟೆಯ ಸಮೀಪದಲ್ಲಿಯೇ ಒಂದು ಮನೆಯನ್ನು ಕೊಟ್ಟನು. ವೃದ್ಧ ಚಿತ್ರಕಾರನು ತನ್ನ ಕೆಲವು ಪಟಗಳನ್ನು ಜೊತೆಗೆ ತಂದಿದ್ದನು. ಅವುಗಳಲ್ಲಿ ಮೋನಾ ಲಿಸಾ ಚಿತ್ರವೂ ಒಂದು. 1519ರ ಮೇ 2ರಂದು, ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ಅದೇ ಮನೆಯಲ್ಲಿ ಆತನು ತೀರಿಕೊಂಡನು. ಕೋಟೆಯೊಳಗಿನ ಸಣ್ಣ ಪ್ರಾರ್ಥನಾ ಮಂದಿರವೊಂದರಲ್ಲಿ ಆತನ ಸಮಾಧಿಯನ್ನು ತೋರಿಸುತ್ತಾರೆ. ನನ್ನ ವಯಸ್ಸಿಗಿಂತ ಒಂದೇ ವರ್ಷ ಹಿರಿಯನಾಗಿದ್ದಾಗ ಆತನು ಕಣ್ಣು ಮುಚ್ಚಿದನೆಂಬುದನ್ನು ಲೆಕ್ಕ ಹಾಕಿ ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆ.

ಕೋಟೆಯ ಮೇಲಿನಿಂದ ಹೊಳೆಯನ್ನು ನೋಡುತ್ತಿದ್ದಾಗ ತಮ್ಮನ ಮಗ ಒಂದು ಮಾತು ಹೇಳಿದನು. 1560ರ ಮಾರ್ಚ್ ತಿಂಗಳಲ್ಲಿ, ಕ್ರೈಸ್ತ ಮತವನ್ನು ಸುಧಾರಿಸಬೇಕೆಂದು ಹೊರಟ ಪಂಥದ ಕೆಲವರು, ಬಾಲಕನಾದ ದೊರೆಯನ್ನು ಆತನ ಹಿಂದಿದ್ದ ಪ್ರಬಲ ಮನೆತನದ ಹಿಡಿತದಿಂದ ಬಿಡಿಸಬೇಕೆಂದು ಸಂಚು ಮಾಡಿದರಂತೆ. ಸಂಚು ಬಯಲಾಯಿತು. ಹಿಡಿಯಲ್ಪಟ್ಟವರನ್ನು ಕೊಂದು, ಅವರ ಹೆಣಗಳನ್ನು ನಾವು ನಿಂತಿದ್ದ ಇದೇ ಕೋಟೆಯ ಮಹಡಿಯ ಕಟಾಂಜನಕ್ಕೆ ತೂಗುಹಾಕಿದರಂತೆ. ಮೂರು ವರ್ಷಗಳ ತರುವಾಯ, 1563ರಲ್ಲಿ, ಆ ಪಂಥದವರಿಗೆ ಕೆಲಮಟ್ಟಿಗೆ ಉಪಾಸನೆಯ ಸ್ವಾತಂತ್ರ್ಯ ಕೊಟ್ಟ ಶಾಸನ ಹೊರಟದ್ದೂ ಈ ಊರಿನ ಹೆಸರಿನಲ್ಲಿಯೇ. ಅದರಿಂದಲೂ ರಕ್ತಪಾತ ಬಹುಕಾಲ ನಿಲ್ಲಲಿಲ್ಲ.

ಇದನ್ನು ಕೇಳಿದಾಗ ನನ್ನ ಮನಸ್ಸು ಒಮ್ಮೆಲೇ ಕಲ್ಯಾಣಕ್ಕೆ ಹಾರಿತು. ಹರಳಯ್ಯ ಮಧುವರಸರ ಮನೆಗಳ ನಡುವೆ ಆದ ಒಂದು ಮದುವೆಯನ್ನು ಸಹಿಸದ ಜನ ಬಿಜ್ಜಳನ ಅರಮನೆಯ ಬಾಗಿಲಿಗೆ ದೂರು ಒಯ್ದದ್ದು, ಅವರಿಗೆ ಎಳೆಹೂಟೆಯ ಶಿಕ್ಷೆಯಾದದ್ದು, ಶರಣರು ವಚನದ ಕಟ್ಟುಗಳನ್ನು ಹೊತ್ತು ದಿಕ್ಕು ದಿಕ್ಕಿಗೆ ಚದುರಿದ್ದು, ಇವೆಲ್ಲ ನಮ್ಮ ಪರಂಪರೆ ಕಣ್ಣೀರಿನಿಂದ ಹೇಳುವ ಕಥೆ. ಅದಕ್ಕೂ ಇದಕ್ಕೂ ನಾಲ್ಕು ಶತಮಾನಗಳ ಅಂತರವಿದೆ. ಅಲ್ಲಿ ಕತ್ತಿ ಹಿಡಿದು ಸಂಚು ನಡೆಸಿದವರಿದ್ದರು. ಇಲ್ಲಿ ಹರಳಯ್ಯನವರು ಮಾಡಿದ್ದು ಬೀಗತನ ಮಾತ್ರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಇಂದು ಎರಡೂ ಊರುಗಳು ಶಾಂತವಾಗಿ ಕಾಣುತ್ತವೆ. ಎರಡರ ಶಾಂತಿಯ ಕೆಳಗೂ ನೋವಿನ ಪದರವಿದೆ. ಆ ಕೋಟೆಯ ತೋಟದಲ್ಲಿ ಇನ್ನೊಂದು ಗುರುತನ್ನೂ ಕಂಡೆ. ಫ್ರೆಂಚರ ವಿರುದ್ಧ ಹೋರಾಡಿ ಸೋತ ಅಲ್ಜೀರಿಯಾದ ಅಮೀರ ಅಬ್ದುಲ್ ಖಾದಿರನನ್ನು 1848ರಿಂದ 1852ರವರೆಗೆ ಪರಿವಾರಸಮೇತ ಅಲ್ಲಿಯೇ ಸೆರೆಯಲ್ಲಿಟ್ಟಿದ್ದರು. ಆ ವರ್ಷಗಳಲ್ಲಿ ತೀರಿಕೊಂಡ ಆತನ ಪರಿವಾರದವರ ಸ್ಮಾರಕ ತೋಟದ ಒಂದು ಮೂಲೆಯಲ್ಲಿದೆ. ಮರುಭೂಮಿಯಲ್ಲಿ ಹುಟ್ಟಿದ ಜೀವಗಳು ತಣ್ಣನೆಯ ಹೊಳೆಯ ದಂಡೆಯಲ್ಲಿ ಮಣ್ಣಾದವು. ಹೊರಗಿನ ಕಣ್ಣಿಗೆ ಶಾಂತವಾಗಿರುವ ಊರು ಒಳಗೆ ಎಷ್ಟನ್ನು ನುಂಗಿಕೊಂಡಿರುತ್ತದೆ!

ಜೂನ್ ತಿಂಗಳಲ್ಲಿ ಆ ದೇಶದಲ್ಲಿ ರಾತ್ರಿ ಹತ್ತು ಗಂಟೆಯ ಹತ್ತಿರ ಹೊತ್ತು ಮುಳುಗುತ್ತದೆ. ಸಂಜೆಯ ಲಿಂಗಪೂಜೆಯನ್ನು ಯಾವ ಹೊತ್ತಿಗೆ ಮಾಡಬೇಕೆಂದು ತಿಳಿಯದೆ, ಗಡಿಯಾರವನ್ನು ಬಿಟ್ಟು ಸೂರ್ಯನನ್ನೇ ನಂಬಿದೆ. ಆ ಸಂಜೆ ತಮ್ಮನ ಮಗ ಏನೋ ಕೊಳ್ಳಲು ಅಂಗಡಿಗೆ ಹೋದಾಗ ನಾನು ಹೊಳೆಯ ದಂಡೆಯ ಬೆಂಚಿನ ಮೇಲೆ ಕುಳಿತೆ. ಸ್ವಲ್ಪ ದೂರದ ಇನ್ನೊಂದು ಬೆಂಚಿನಲ್ಲಿ ಮುದುಕ ದಂಪತಿಗಳಿದ್ದರು. ಮುದುಕನು ಚೀಲದಿಂದ ಉದ್ದನೆಯ ರೊಟ್ಟಿಯೊಂದನ್ನು ತೆಗೆದು, ಕೈಯಿಂದಲೇ ಎರಡು ಭಾಗ ಮಾಡಿ, ದೊಡ್ಡ ಭಾಗವನ್ನು ಹೆಂಡತಿಗೆ ಕೊಟ್ಟನು. ಇಬ್ಬರೂ ಮಾತಿಲ್ಲದೆ ಹೊಳೆಯನ್ನು ನೋಡುತ್ತ ತಿಂದರು. ಅಷ್ಟೇ. ನಾನು ನೋಡಿದ್ದು ಅಷ್ಟೇ. ಆದರೆ ಆ ಕ್ಷಣದಲ್ಲಿ ನಲವತ್ತೊಂದು ವರ್ಷಗಳಿಂದ ನನ್ನೊಳಗೆ ಎಲ್ಲಿಯೋ ಅಡಗಿದ್ದ ಒಂದು ದನಿ ಕಿವಿಯ ಹತ್ತಿರವೇ ಕೇಳಿಸಿತು. "ಬಸ್ಸಿಗಿ ಇನ್ನೂ ಹೊತ್ತದ ತಮ್ಮಾ. ಜರಾ ಹೊಳಿ ದಂಡೀಗಿ ಕುಂತು ಬರಾಮಿ." ಅದು ನನ್ನ ಅಪ್ಪನ ದನಿ.

ಆ ಸಂಗತಿಯನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. 1982ರ ಚಳಿಗಾಲ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಅಪ್ಪನೊಂದಿಗೆ ಹೋಗಿದ್ದೆ. ನನಗಾಗ ಇಪ್ಪತ್ತೈದು. ಮಠದ ಓದು ಮುಗಿದು ಪ್ರವಚನ ಹೇಳಲು ಆರಂಭಿಸಿದ್ದೆ. ನಾಲ್ಕು ಜನ 'ಶಾಸ್ತ್ರಿಗಳೇ' ಎಂದು ಕರೆಯತೊಡಗಿದ್ದರು. ಅಪ್ಪ ಅಕ್ಷರ ಬಾರದ ಒಕ್ಕಲಿಗ. ಹೆಗಲ ಮೇಲೆ ಶಲ್ಯ, ಎದೆಯ ಮೇಲೆ ಕರಡಿಗೆ, ಬಾಯಲ್ಲಿ ಸದಾ 'ಶರಣು ಬಸವ' ಎಂಬ ಮಾತು. ಜಾತ್ರೆ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದಾಗ ನಮ್ಮೂರಿನ ಬಸ್ಸಿಗೆ ಎರಡು ತಾಸು ಇತ್ತು. ಅಪ್ಪ ಆಗ ಈ ಮಾತು ಹೇಳಿದರು. ಹೊಳೆಯೆಂದರೆ ಹುಮನಾಬಾದಿಗೆ ಹೊಂದಿಕೊಂಡೇ ಇರುವ ಮಾಣಿಕನಗರದ ಹೊಳೆ.

ನನ್ನ ಅರ್ಧ ಬೆಂದ ವಿದ್ಯೆ ಕೂಡಲೇ ಹೆಡೆ ಎತ್ತಿತು. ಮಾಣಿಕನಗರ ನಮ್ಮ ಸಂಪ್ರದಾಯದ ಕ್ಷೇತ್ರವಲ್ಲ; ಹೊಳೆಯ ನೀರಿನಲ್ಲಿ ಪುಣ್ಯ ಹುಡುಕುವುದು ಶರಣಧರ್ಮವಲ್ಲ; ಇಷ್ಟಲಿಂಗವನ್ನು ಕಟ್ಟಿಕೊಂಡವನಿಗೆ ಬೇರೆ ಗುಡಿಯ ದಂಡೆ ಏಕೆ ಎಂದೆ. ಇಷ್ಟಕ್ಕೇ ನಿಲ್ಲಲಿಲ್ಲ. ತೀರ್ಥಸ್ನಾನವನ್ನು ಅಲ್ಲಗಳೆಯುವ ವಚನವೊಂದನ್ನು ಬಸ್ ನಿಲ್ದಾಣದಲ್ಲಿಯೇ, ನಾಲ್ಕು ಜನರ ಎದುರಿಗೆ, ಗಟ್ಟಿಯಾಗಿ ಹೇಳಿದೆ. ಅಪ್ಪ ಮುಳುಗು ಹಾಕಬೇಕೆಂದು ಕೇಳಿರಲಿಲ್ಲ, ಗುಡಿಗೆ ಹೋಗಬೇಕೆಂದೂ ಕೇಳಿರಲಿಲ್ಲ. ಕೂಡಬೇಕೆಂದಷ್ಟೇ ಕೇಳಿದ್ದರು. ಅಹಂಕಾರವನ್ನು ಕರಗಿಸಲೆಂದು ಅಣ್ಣನವರು ಕೊಟ್ಟ ಮಾತನ್ನು ನಾನು ಹೆತ್ತ ತಂದೆಯ ಮೇಲೆ ಬಡಿಗೆಯಂತೆ ಬೀಸಿದೆ. ಅಪ್ಪ "ಹೌದಪ್ಪ, ನಿಂದು ಖರೇನೇ ಅದ" ಎಂದು ಹೇಳಿ, ಕಟ್ಟೆಯ ಮೇಲೆ ಕುಳಿತರು. ನಾನು ಪುಸ್ತಕ ತೆರೆದೆ. ಬಸ್ಸು ಎರಡು ತಾಸಿಗೆ ಬರಲಿಲ್ಲ. ಮೂರು ತಾಸಿನ ಮೇಲೆ ಬಂತು. ಅಷ್ಟು ಹೊತ್ತೂ ಅಪ್ಪ ಹೊಳೆಯಿದ್ದ ದಿಕ್ಕಿಗೆ ಮುಖ ಮಾಡಿ ಸುಮ್ಮನೆ ಕುಳಿತಿದ್ದರು. 1984ರಲ್ಲಿ ಅವರು ಲಿಂಗೈಕ್ಯರಾದರು. ಆಮೇಲೆ ಮತ್ತೆಂದೂ ಆ ಮಾತು ಬರಲಿಲ್ಲ.

ಅಪ್ಪ ಕೇಳಿದ ಅರ್ಧ ಗಳಿಗೆಯನ್ನು ಕೊಡದ ಮಗ ಈಗ ವಿಮಾನವೇರಿ, ಪರದೇಶದ ಹೊಳೆಯ ದಂಡೆಯಲ್ಲಿ ಶಾಂತಿಯನ್ನು ಹುಡುಕಿಕೊಂಡು ಕುಳಿತಿದ್ದನು. ಲ್ವಾರ್ ನದಿಯ ನೀರು ಕಣ್ಣಿಗೆ ಮಸುಕಾಯಿತು. ತಮ್ಮನ ಮಗ ಬಂದು "ಯಾಕ್ರಿ ದೊಡ್ಡಪ್ಪಾ?" ಎಂದು ಕೇಳಿದಾಗ "ಗಾಳಿಗೆ ಕಣ್ಣಾಗ ಏನೋ ಬಿತ್ತಪ್ಪ" ಎಂದೆ. ಊರಿಗೆ ಮರಳಿದ ಮೇಲೆ ಮೊದಲು ಮಾಡಬೇಕಾದ ಯಾತ್ರೆ ಯಾವುದೆಂಬುದು ಅಲ್ಲಿಯೇ ನಿಶ್ಚಯವಾಯಿತು.

ಮಳೆ ಬಿದ್ದು ಹಳ್ಳಕೊಳ್ಳಗಳಿಗೆ ನೀರು ಬರಲೆಂದು ಕಾದು, ಭಾದ್ರಪದ ಮಾಸದಲ್ಲಿ ಹೊರಟೆ. ಮೊದಲು ಬಸವಕಲ್ಯಾಣಕ್ಕೆ ಹೋದೆ. ತಪ್ಪಿತಸ್ಥನು ಮೊದಲು ಹಿರಿಯರ ಮನೆಗೆ ಹೋಗಬೇಕಲ್ಲವೇ! ಚಾಲುಕ್ಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಕಾಲದಿಂದ ಈ ಊರು ಕಂಡ ವೈಭವಕ್ಕೆ ಎಣೆಯಿಲ್ಲ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಕಾಶ್ಮೀರದ ಬಿಲ್ಹಣನಿದ್ದನು. ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನಿದ್ದನು. ಇಂದು ಆ ಅರಮನೆಯಿಲ್ಲ. ಉಳಿದಿರುವ ಕೋಟೆ ಅನೇಕ ಅರಸುಮನೆತನಗಳ ಕೈ ದಾಟಿ ಬಂದದ್ದು. ಆದರೆ ನುಲಿಯ ಚಂದಯ್ಯನವರ, ಅಕ್ಕನಾಗಮ್ಮನವರ, ಅಂಬಿಗರ ಚೌಡಯ್ಯನವರ ಹೆಸರಿನ ಗವಿಗಳನ್ನು ಜನ ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ಹಗ್ಗ ಹೊಸೆದವರ, ಹುಟ್ಟು ಹಾಕಿದವರ ಗವಿಗಳು ಉಳಿದು, ಅರಮನೆ ಅಳಿಯಿತು.

ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಶ್ರಮದಿಂದ ಎದ್ದ ಅನುಭವ ಮಂಟಪದಲ್ಲಿ ಸ್ವಲ್ಪ ಹೊತ್ತು ಕುಳಿತೆ. ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಆ ಮಹಾನುಭಾವರ ದಯೆಯಿಂದಲೇ ನಮ್ಮ ಕಡೆಯ ಅನೇಕ ಬಡಮಕ್ಕಳು ಕನ್ನಡದ ಅಕ್ಷರ ಕಂಡರು. 2021ರ ಜನವರಿಯಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿದೆ. 108 ಅಡಿಯ ಬಸವೇಶ್ವರರ ಮೂರ್ತಿ ದೂರದಿಂದಲೇ ಕಾಣುತ್ತದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಆ ದಿನ ನನ್ನ ಮನಸ್ಸು ಎತ್ತರವಾದುದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ತ್ರಿಪುರಾಂತಕ ಕೆರೆಯ ದಂಡೆಗೆ ಬಂದು ನಿಂತೆ. ಶರಣರು ಮಿಂದ, ಮಡಿವಾಳಯ್ಯನವರ ಕಾಯಕದ ನೆನಪನ್ನು ಹೊತ್ತ ಕಲ್ಯಾಣದ ನೀರು. ಆಗ ಒಂದು ವಿಚಾರ ಮಿಂಚಿತು. ಅಣ್ಣನವರ ಅಂಕಿತವೇ ಒಂದು ಹೊಳೆಯ ಸಂಗಮದ ಹೆಸರಲ್ಲವೇ? ಕೃಷ್ಣೆ ಮಲಪ್ರಭೆಯರು ಕೂಡುವ ದಂಡೆಯಲ್ಲಿ ಬೆಳೆದ ಬಾಲಕ ಆ ನೀರಿನ ನೆನಪನ್ನು ಕಲ್ಯಾಣದ ಭಂಡಾರಿಯಾದ ಮೇಲೂ ಪ್ರತಿ ವಚನದ ಕೊನೆಯಲ್ಲಿ ಕರೆದನು. ಕೊನೆಗೆ ಮರಳಿದ್ದೂ ಅಲ್ಲಿಗೇ. ಮೌಢ್ಯದಿಂದ ನೀರಿಗೆ ಮುಳುಗುವುದನ್ನು ಅವರು ನಿರಾಕರಿಸಿದರೇ ಹೊರತು, ಹೊಳೆಯ ದಂಡೆಯಲ್ಲಿ ಕೂಡುವುದನ್ನು ಎಂದೂ ನಿರಾಕರಿಸಲಿಲ್ಲ. ಇಷ್ಟು ಸರಳವಾದ ಭೇದ ಇಪ್ಪತ್ತೈದರ ಶಾಸ್ತ್ರಿಗೆ ಹೊಳೆಯಲಿಲ್ಲ.

ಹುಮನಾಬಾದಿಗೆ ಹೊರಡುವ ಮೊದಲು ಊರಿನಲ್ಲಿ ಒಕ್ಕಲುತನ ನೋಡಿಕೊಂಡಿರುವ ನನ್ನ ತಮ್ಮನಿಗೆ ಫೋನು ಮಾಡಿ, ಮಾಣಿಕನಗರಕ್ಕೆ ಹೋಗುತ್ತಿದ್ದೇನೆಂದೆ. ಅವನು ಕ್ಷಣ ಹೊತ್ತು ಸುಮ್ಮನಿದ್ದು, "ಅಣ್ಣಾ, ಅಪ್ಪ ಹುಮನಾಬಾದಕ್ಕ ಹೋದಾಗೆಲ್ಲ ಆ ಹೊಳಿ ದಂಡೀಗಿ ಕುಂತೇ ಬರ್ತಿದ್ದ. ಯಾಕಂತ ನನಗೂ ಪೂರ್ತಿ ಗೊತ್ತಿಲ್ಲ. ಅಪ್ಪನ ಸಂಗಾಟ ದುಡದ ಚಾಚಾ ಇನ್ನೂ ಅದಾರ. ಅವರಿಗಿ ಕೇಳು" ಎಂದನು.

ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾಕ್ಕೆ ಬಂದರೆ ಪುಣೆ ಹೈದರಾಬಾದ ಹೆದ್ದಾರಿ ಸಿಗುತ್ತದೆ. ರಾಜೇಶ್ವರ ದಾಟಿ ಬಸ್ಸು ಮುಂದೆ ಸಾಗಿತು. ಎರಡೂ ಬದಿಗೆ ತೊಗರಿ, ಸೋಯಾ ಹೊಲಗಳು ಹಸಿರಾಗಿ ನಿಂತಿದ್ದವು. ಹುಮನಾಬಾದಿನ ಸಮೀಪದ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಶಿವಾಲಯವೊಂದಿದೆ. ಅದರ ಹೊರಗೋಡೆಯ ಮೇಲೆ ವಿಕ್ರಮಾದಿತ್ಯನ ಕೀರ್ತಿಯನ್ನು ಶಾಸನವಾಗಿ ಬರೆಯುತ್ತಿರುವ ಕಲ್ಲಿನ ಹೆಣ್ಣುಮಗಳೊಬ್ಬಳಿದ್ದಾಳೆ. ಅಕ್ಷರ ಬರೆಯುತ್ತ ನಿಂತ ಆ ಶಿಲಾಬಾಲಿಕೆಯನ್ನು ಎಷ್ಟೋ ಸಲ ವಿದ್ಯಾರ್ಥಿಗಳಿಗೆ ತೋರಿಸಿದ್ದೇನೆ. ಅರಸನ ಕೀರ್ತಿಗೆ ಕಲ್ಲು ದೊರೆಯಿತು. ಕಲ್ಲು ಒಡೆದವರ ಕಥೆಗೆ ಯಾವ ಶಾಸನವೂ ಇಲ್ಲ. ಈ ಮಾತು ನನಗೆ ಏಕೆ ತೋಚಿತೋ ಆಗ ತಿಳಿಯಲಿಲ್ಲ; ಒಂದು ತಾಸಿನ ಮೇಲೆ ತಿಳಿಯಿತು.

ಚಾಚಾ ಹುಮನಾಬಾದಿನಲ್ಲಿ ಮಗನ ಪಂಕ್ಚರ್ ಅಂಗಡಿಯ ಮುಂದೆ ಕುಳಿತಿದ್ದರು. ಎಂಬತ್ತರ ಹತ್ತಿರದ ಮುಪ್ಪು. ಹೆಸರು ಹೇಳಿದ ಕೂಡಲೇ ನನ್ನ ಎರಡೂ ಕೈ ಹಿಡಿದು, "ಅಣ್ಣನ ಮಗಾ ಏನಪ್ಪ ನೀ! ಬುಕ್ಕಿನ ಹುಡುಗ!" ಎಂದರು. ನನ್ನನ್ನು ಯಾರೂ ಹಾಗೆ ಕರೆದದ್ದಿಲ್ಲ. ಆಟೋದಲ್ಲಿ ಇಬ್ಬರೂ ಮಾಣಿಕನಗರಕ್ಕೆ ಹೋದೆವು.

ವಿರಜಾ ಮತ್ತು ಗುರುಗಂಗಾ ಎಂಬ ಎರಡು ಸಣ್ಣ ಹೊಳೆಗಳು ಅಲ್ಲಿ ಕೂಡುತ್ತವೆ. ಲ್ವಾರ್ ನದಿಯ ಮುಂದೆ ಅವು ಹಳ್ಳಗಳೇ ಸರಿ. ಮಳೆಯ ನೀರು ಕೆಂಪಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ಈ ಕ್ಷೇತ್ರಕ್ಕೆ ಹೆಸರಾದ ಮಾಣಿಕಪ್ರಭುಗಳು 1817ರಲ್ಲಿ ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಜನಿಸಿದವರು. ಬಾಲ್ಯವನ್ನು ಕಳೆದದ್ದು ಕಲ್ಯಾಣದಲ್ಲಿಯೇ. ಎಲ್ಲ ಮತಗಳಲ್ಲಿಯೂ ಸತ್ಯವಿದೆಯೆಂಬ ಸಕಲಮತದ ತತ್ತ್ವವನ್ನು ಸಾರಿ, ಮರಾಠಿ, ಕನ್ನಡ, ಹಿಂದಿ ಮುಂತಾದ ನುಡಿಗಳಲ್ಲಿ ಹಾಡು ಕಟ್ಟಿ, 1865ರಲ್ಲಿ ಇಲ್ಲಿಯೇ ಸಮಾಧಿಸ್ಥರಾದರು. ದತ್ತಜಯಂತಿಯ ಕಾಲಕ್ಕೆ ಇಲ್ಲಿ ದೊಡ್ಡ ಉತ್ಸವ ನಡೆಯುತ್ತದೆ; ಹಾಡುಗಾರರು ದೂರದೂರದಿಂದ ಬರುತ್ತಾರೆ. ಅವರ ಮಾರ್ಗ ಬೇರೆ, ನಮ್ಮ ಮಾರ್ಗ ಬೇರೆ. ಆದರೆ ಹಿಂದೂ, ಮುಸಲ್ಮಾನ, ಲಿಂಗವಂತ ಎಂಬ ಭೇದವಿಲ್ಲದೆ ಜನ ಬಂದು ಕೂಡುವ ಒಂದು ದಂಡೆ, ಕಲ್ಯಾಣದಿಂದ ಒಂದು ದಿನದ ಕಾಲುನಡಿಗೆಯಷ್ಟೇ ದೂರದಲ್ಲಿ ಇದೆಯೆಂಬುದು ಆ ಬಸ್ ನಿಲ್ದಾಣದ ಶಾಸ್ತ್ರಿಗೆ ಹೆಮ್ಮೆಯ ಸಂಗತಿಯಾಗಬೇಕಾಗಿತ್ತು.

ಚಾಚಾ ನೀರಿಗೆ ಹತ್ತಿರವಾದ ಒಂದು ಮರದ ಬುಡವನ್ನು ತೋರಿಸಿ, "ಇಲ್ಲೇ ನೋಡು ತಮ್ಮಾ ಕುಂದ್ರತಿದ್ದೆವು" ಎಂದರು. ಇಬ್ಬರೂ ಕುಳಿತೆವು. ಅವರು ಹೇಳಿದ್ದರ ಸಾರ ಇಷ್ಟು. 1972ರ ಬರಗಾಲ. ಮಳೆಯಿಲ್ಲ, ಬೆಳೆಯಿಲ್ಲ. ಜನರೆಲ್ಲ ಬರಗಾಲದ ಕಾಮಗಾರಿಗೆ ರಸ್ತೆಯ ಖಡಿ ಒಡೆಯಲು ಹೋಗುತ್ತಿದ್ದರು. ಅಪ್ಪನೂ ಚಾಚಾನೂ ಒಂದೇ ರಾಶಿಗೆ ಕುಳಿತು ಖಡಿ ಒಡೆಯುತ್ತಿದ್ದರು. ವಾರದ ಕೂಲಿ ಸಿಕ್ಕ ದಿನ ಹುಮನಾಬಾದಿನ ಬಜಾರಕ್ಕೆ ಬಂದು ಕಾಳು ಕೊಂಡು, ಈ ದಂಡೆಯಲ್ಲಿ ಕಾಲು ತೊಳೆದು, ಬುತ್ತಿ ಬಿಚ್ಚುತ್ತಿದ್ದರು. ಒಂದು ವಾರ ಅಪ್ಪ ಬುತ್ತಿಯನ್ನೂ ತರಲಿಲ್ಲ, ಕಾಳನ್ನೂ ಕೊಳ್ಳಲಿಲ್ಲ. ಚಾಚಾ ಕೇಳಿದಾಗ, ಕೂಲಿಯ ಹಣವನ್ನೆಲ್ಲ ಮಗನಿಗೆ ಮನಿಯಾರ್ಡರ್ ಮಾಡಿ ಬಂದೆನೆಂದರಂತೆ.

"ಮಗನ ಕಾಗದ ಬಂದದ, ಯಾವುದೋ ದೊಡ್ಡ ಬುಕ್ಕು ಬೇಕಂತ ಬರದಾನ, ಅಂದ ನಿಮ್ಮಪ್ಪ. ಮನ್ಯಾಗ ಒಲಿ ಹೊತ್ತಿಲ್ಲ, ಬುಕ್ಕಿಗಿ ರೊಕ್ಕಾ ಕಳಿಸಿದಿ ಏನೋ ಹುಚ್ಚಾ, ಅಂತ ನಾ ಬೈದೆ. ನಕ್ಕು ಬಿಟ್ಟ. ನನ್ನ ಬುತ್ತ್ಯಾಗ ಕೆಂಪು ಜೋಳದ ರೊಟ್ಟಿ ಒಂದೇ ಇತ್ತು. ಮುರದು ಅರ್ಧ ಅವನಿಗಿ ಕೊಟ್ಟೆ. ತಿಂದು, ನೀರು ಕುಡದು, ಏನಂದ ಗೊತ್ತದ ಏನು? ನನ್ನ ಮಗ ಓದಿ ಶಾಣ್ಯಾ ಆದ ಮ್ಯಾಲ ಅವನಿಗಿ ಇಲ್ಲಿ ಕರಕೊಂಡು ಬಂದು ಈ ಜಾಗಾ ತೋರಸ್ತೀನಿ, ಅಂದ. ತೋರಸ್ದನಲ್ಲ?"

ನಾನು ಏನು ಹೇಳಲಿ? ಆ ಕಾಗದವನ್ನು ಬರೆದದ್ದು ನನಗೆ ಚೆನ್ನಾಗಿ ನೆನಪಿದೆ. ಹದಿನೈದರ ಹುಡುಗ, ಸಂಸ್ಕೃತ ನಿಘಂಟೊಂದು ಬೇಕೆಂದು ಬರೆದಿದ್ದೆ. ಮಠದ ಪ್ರಸಾದನಿಲಯದಲ್ಲಿ ಜೋಳಿಗೆಯ ಧರ್ಮದಿಂದ ನಮಗೆ ಹೊತ್ತು ಹೊತ್ತಿಗೆ ಊಟ ಸಿಗುತ್ತಿತ್ತು. ಹೊರಗಿನ ಬರ ನಮಗೆ ಕೇಳಿದ ಸುದ್ದಿಯಾಗಿತ್ತು, ಉಂಡ ಹಸಿವೆಯಾಗಿರಲಿಲ್ಲ. ಹಣ ಬಂತು, ಪುಸ್ತಕ ಕೊಂಡೆ. ಎಲ್ಲಿಂದ ಬಂತೆಂದು ಕೇಳಲಿಲ್ಲ. ಆ ನಿಘಂಟು ಇಂದಿಗೂ ನನ್ನ ಮೇಜಿನ ಮೇಲಿದೆ. ಕಾಯಕ, ದಾಸೋಹ ಎಂಬ ಶಬ್ದಗಳ ಮೇಲೆ ನಾನು ಬರೆದ ಲೇಖನಗಳೆಲ್ಲ ಅದರ ನೆರವಿನಿಂದಲೇ ಬರೆದವು. ಆ ಶಬ್ದಗಳ ನಿಜವಾದ ಅರ್ಥ ಈ ಮರದ ಬುಡದಲ್ಲಿತ್ತು. ಕಲ್ಲೊಡೆದ ಕೈಯ ಕಾಯಕ ಅಪ್ಪನದು. ಇದ್ದ ಒಂದೇ ರೊಟ್ಟಿಯನ್ನು ಮುರಿದ ದಾಸೋಹ ಚಾಚಾನದು. ಅದನ್ನು ತೋರಿಸಲೆಂದೇ ಅಪ್ಪ ಕರೆದಿದ್ದರು. ನಾನು ಅವರಿಗೆ ವಚನದ ಅರ್ಥ ಹೇಳಿದೆ!

"ಇಲ್ಲ ಚಾಚಾ, ತೋರಿಸಬೇಕು ಅಂದಿದ್ದರು. ನಾನೇ ಬರಲಿಲ್ಲ" ಎಂದೆ. ಬಸ್ ನಿಲ್ದಾಣದ ಸಂಗತಿಯನ್ನು ಪೂರ್ತಿಯಾಗಿ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ನನ್ನ ದನಿ ಉಳಿದಿರಲಿಲ್ಲ. ಚಾಚಾ ಬಹಳ ಹೊತ್ತು ನೀರನ್ನೇ ನೋಡಿದರು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ಈಗ ಬಂದಿಯಲ್ಲಪ್ಪ" ಎಂದರು. ಕ್ಷಮಿಸಿದೆನೆಂದಾಗಲಿ, ನಿನ್ನ ತಪ್ಪೇನಿಲ್ಲವೆಂದಾಗಲಿ ಅವರು ಹೇಳಲಿಲ್ಲ. ಹೇಳಬೇಕಾದವರು ಅವರಲ್ಲವೆಂಬುದು ಅವರಿಗೂ ತಿಳಿದಿತ್ತು.

ಮನೆಯಿಂದ ಕಟ್ಟಿಸಿಕೊಂಡು ಬಂದ ಬುತ್ತಿಯನ್ನು ಬಿಚ್ಚಿದೆ. ಕಟಿ ರೊಟ್ಟಿಯನ್ನು ಮುರಿದು ಅವರಿಗೆ ಕೊಟ್ಟಾಗ, "ಬಾಯಾಗ ಒಂದು ಹಲ್ಲಿಲ್ಲ, ಕಟಿ ರೊಟ್ಟಿ ತಂದೀದಿ! ಇಷ್ಟು ಓದಿ ಏನು ಶಾಣ್ಯಾ ಆದಿ?" ಎಂದು ನಕ್ಕರು. ನಾನೂ ನಕ್ಕೆ, ಕಣ್ಣೀರೂ ಬಂತು. ಬಾಟಲಿಯ ನೀರಿನಲ್ಲಿ ರೊಟ್ಟಿಯನ್ನು ನೆನೆಸಿ ಕೊಟ್ಟೆ. ಇಬ್ಬರೂ ಹೊಳೆಯನ್ನು ನೋಡುತ್ತ ತಿಂದೆವು. ಹೊತ್ತು ಮುಳುಗುವವರೆಗೂ ಅಲ್ಲಿಯೇ ಕುಳಿತೆವು. ಪ್ರಸಾದವೆಂಬ ಮಾತನ್ನು ನಾನು ಮಠದಲ್ಲಿ ಕಲಿತಿದ್ದೆ. ಅದರ ರುಚಿಯನ್ನು ಆ ದಿನ ಕಂಡೆ.

ಬಂಧುಗಳೇ, ದೂರದೇಶಗಳನ್ನು ನೋಡುವುದು ತಪ್ಪಲ್ಲ. ಅಂಬ್ವಾಜಿನ ಆ ಮುದುಕ ದಂಪತಿಗಳನ್ನು ನೋಡದಿದ್ದರೆ ನನ್ನ ಕಿವಿಗೆ ಅಪ್ಪನ ದನಿ ಮರಳಿ ಕೇಳಿಸುತ್ತಿರಲಿಲ್ಲ. ಆ ಊರಿನ ಋಣ ನನ್ನ ಮೇಲಿದೆ. ಆದರೆ ನಿಮ್ಮ ಮನೆಯ ಹಿರಿಯರು ಹೊಳೆಯ ದಂಡೆಯಲ್ಲಿಯೋ, ಹೊಲದ ಬದುವಿನಲ್ಲಿಯೋ, ಹಳೆಯ ಕಟ್ಟೆಯ ಮೇಲೆಯೋ ಅರ್ಧ ಗಳಿಗೆ ಕೂಡೋಣವೆಂದರೆ, ಮೊದಲು ಅವರೊಂದಿಗೆ ಕುಳಿತುಕೊಳ್ಳಿರಿ. ಕುಳಿತು, ಇಲ್ಲಿಯೇ ಏಕೆ ಎಂದು ಕೇಳಿರಿ. ನಾನು ಕೇಳಲೇ ಇಲ್ಲ. ಕೇಳದೆಯೇ ಉತ್ತರ ಕೊಟ್ಟೆ. ಓದಿದವರು ಮಾಡುವ ತಪ್ಪು ಇದು. ಇಷ್ಟನ್ನು ತಿಳಿಯಲು ನನಗೆ ನಲವತ್ತೊಂದು ವರ್ಷ ಬೇಕಾಯಿತು. ನಿಮಗೆ ಅಷ್ಟು ಬೇಡ.